ಚಾಪ್ಲಿನ್ ಸಂಗೀತಕ್ಕೆ ಕತ್ತರಿ ಬೇಡ

ಚಾರ್ಲಿ ಚಾಪ್ಲಿನ್ ಚಿತ್ರಗಳ ಮೂಲ ಸಂಗೀತವನ್ನು ಅಳಿಸಿ, ಅಬ್ಬರದ ತಾಳ ಮತ್ತು ನಗುವಿನ ಸದ್ದು ಸೇರಿಸಿದ ತುಣುಕುಗಳು ಟಿ.ವಿ., ಮೊಬೈಲ್‌ಗಳಲ್ಲಿ ಹರಿದಾಡುತ್ತಿರುವುದು ಬೇಸರದ ಸಂಗತಿ. ದೂರದರ್ಶನದಲ್ಲಿ ಆ ಚಿತ್ರಗಳನ್ನು ನೋಡುತ್ತಾ ಬೆಳೆದ ನಮಗೆ ಅವರ ಬಿದ್ದೇಳುವ ನಡೆಯಷ್ಟೇ ಆ ರಾಗಗಳೂ ನೆನಪಿವೆ.

‘ಸಿಟಿ ಲೈಟ್ಸ್‌’ನಿಂದ (1931) ಮುಂದೆ ತಮ್ಮ ಚಿತ್ರಗಳಿಗೆ ಚಾಪ್ಲಿನ್ ಅವರೇ ಸಂಗೀತ ಸಂಯೋಜಿಸಿದರು. ಸ್ವರಲಿಪಿ ಬರೆಯಲು ಬಾರದಿದ್ದರೂ ಗುನುಗಿಯೋ ಪಿಯಾನೊ ನುಡಿಸಿಯೋ ಸಹಾಯಕರಿಂದ ಬರೆಸುತ್ತಿದ್ದರು. ಎಡಗೈಯಲ್ಲಿ ನುಡಿಸುವುದಕ್ಕಾಗಿ ಪಿಟೀಲಿನ ತಂತಿಗಳನ್ನೇ ಅದಲುಬದಲಾಗಿ ಕಟ್ಟಿಸಿಕೊಂಡಿದ್ದ ಛಲಗಾರ ಅವರು! ‘ಲೈಮ್‌ಲೈಟ್’ ಸಂಗೀತಕ್ಕೆ 1973ರಲ್ಲಿ ಇನ್ನಿಬ್ಬರೊಂದಿಗೆ ಆಸ್ಕರ್ ಪಡೆದರು.

‘ಸಿಟಿ ಲೈಟ್ಸ್’ ಆರಂಭದಲ್ಲಿ ಪ್ರತಿಮೆ ಅನಾವರಣಕ್ಕೆ ಬಂದ ಗಣ್ಯರು ಭಾಷಣಕ್ಕೆ ಬಾಯಿ ತೆರೆದರೆ ಮಾತಿನ ಬದಲು ಪೀಪಿಯಂತಹ ಕೀರಲು ಸದ್ದು ಹೊರಡುತ್ತದೆ. ಅದನ್ನು ತೆಗೆದುಹಾಕಿದರೆ ಆ ದೃಶ್ಯದಲ್ಲಿ ಉಳಿಯುವುದೇನು? ಇಂದಿನ ಮಕ್ಕಳು ಚಾಪ್ಲಿನ್ ಅವರನ್ನು ಹೀಗೆ ಅರೆಬರೆಯಾಗಿ ನೋಡುವಂತಾಗಬಾರದು.

ದೂರದರ್ಶನದ ಚಂದನ ವಾಹಿನಿಯು ಬೇಸಿಗೆ ರಜೆಯ ಭಾನುವಾರಗಳಂದು ಈ ಚಿತ್ರಗಳನ್ನು ಮೂಲ ಧ್ವನಿಯೊಂದಿಗೆ, ಸಂಗೀತದ ಕುರಿತ ಕನ್ನಡದ ಕಿರುಪರಿಚಯ ಸಹಿತ, ಜಾಹೀರಾತಿನ ಅಡ್ಡಿಯಿಲ್ಲದೆ ಪ್ರಸಾರ ಮಾಡಲಿ.

– ಓದುಗ, ಶಿವಮೊಗ್ಗ