ಭಾರಿ ಸರಕಿನ ಬುಕಿಂಗ್‌ಗೆ ಇನ್ನು ಡ್ರಾಯಿಂಗ್ ಬೇಕು

ಆತ್ಮೀಯ ಗ್ರಾಹಕರೇ,

ಇಷ್ಟು ದಿನ ನೀವು ಫೋನ್ ಮಾಡಿ "ಅರವತ್ತು ಟನ್ ಇದೆ, ಒಂದು ಫ್ಲಾಟ್ ವ್ಯಾಗನ್ ಬೇಕು" ಅಂದರೆ ಸಾಕಿತ್ತು. ಮುಂದಿನ ತಿಂಗಳಿಂದ ಅಷ್ಟು ಸಾಲದು. ಯಂತ್ರದ ಡ್ರಾಯಿಂಗ್ ಕಳಿಸಿ, ಅದರಲ್ಲಿ ಭಾರದ ಕೇಂದ್ರ ಎಲ್ಲಿದೆ, ಯಂತ್ರ ಎಲ್ಲೆಲ್ಲಿ ನೆಲಕ್ಕೆ ತಾಗುತ್ತದೆ ಅಂತ ಗುರುತು ಹಾಕಿರಬೇಕು.

ಸುಮ್ನೆ ಕಾಗದದ ಕೆಲಸ ಹೆಚ್ಚಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಒಂದು ಆಕ್ಸಲ್‌ಗೆ, ಅಂದರೆ ಎರಡು ಗಾಲಿ ಕೂಡಿಸುವ ಅಚ್ಚಿಗೆ, 22.5 ಟನ್ ತಡೆಯುವ ಹಳಿಯ ಮೇಲೆ ನಾಲ್ಕು ಆಕ್ಸಲ್ ವ್ಯಾಗನ್ 90 ಟನ್ ದಾಟುವಂತಿಲ್ಲ, ಅದರಲ್ಲಿ ವ್ಯಾಗನ್‌ನ ಸ್ವಂತ ತೂಕವೂ ಸೇರಿದೆ. ಆರು ಆಕ್ಸಲ್ ಇದ್ದರೆ 135. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಟ್ರಾನ್ಸ್‌ಫಾರ್ಮರ್, ಪ್ರೆಸ್ ಮಷೀನ್ ಥರದ ಸರಕು ಉದ್ದಕ್ಕೂ ಹರಡಿಕೊಳ್ಳುವುದಿಲ್ಲ, ನಡುವಿನ ಎರಡು ಮೀಟರ್ ಜಾಗದಲ್ಲೇ ಕೂತುಬಿಡುತ್ತದೆ. ಹಲಗೆಯ ಮೇಲೆ ಮಲಗುವುದಕ್ಕೂ ಅದರ ಮಧ್ಯೆ ನಿಲ್ಲುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ವ್ಯಾಗನ್ ಪಕ್ಕದ ಗರ್ಡರ್ ಮೇಲೆ ಬಣ್ಣದಲ್ಲಿ ಬರೆದ ಸಣ್ಣ ಪಟ್ಟಿ ನೋಡಿರುತ್ತೀರಿ, ಎಷ್ಟು ಮೀಟರ್ ಉದ್ದಕ್ಕೆ ಎಷ್ಟು ಟನ್ ಅಂತ. ಉದ್ದ ಕಡಿಮೆಯಾದರೆ ಟನ್ನೂ ಕಡಿಮೆ. ಫೋನಿನಲ್ಲಿ ಬರೀ ತೂಕ ಹೇಳಿದರೆ ಆ ಪಟ್ಟಿಯ ಯಾವ ಸಾಲು ನೋಡಬೇಕು ಅಂತ ನಮಗೆ ತಿಳಿಯುವುದಿಲ್ಲ.

ಇನ್ನೊಂದು, ಎಡ-ಬಲದ ಲೆಕ್ಕ. ಯುಐಸಿ (ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ) ಲೋಡಿಂಗ್ ನಿಯಮದಲ್ಲಿ ಒಂದೇ ವ್ಯಾಗನ್‌ನ ಹಿಂದಿನ, ಮುಂದಿನ ಬೋಗಿಗಳ (ಕೆಳಗಿರುವ ಗಾಲಿ ಚೌಕಟ್ಟುಗಳ) ಭಾರದ ನಡುವೆ 3:1ರವರೆಗೆ ವ್ಯತ್ಯಾಸ ಇರಬಹುದು, ಎಡ-ಬಲದ ಗಾಲಿಗಳ ನಡುವೆ ಮಾತ್ರ 1.25:1 ದಾಟಬಾರದು. ತಿರುವಿನಲ್ಲಿ ಹಗುರವಾದ ಗಾಲಿ ಹಳಿ ಹತ್ತುವ ಅಪಾಯ ಇದೆ, ಅದಕ್ಕೇ ಇಷ್ಟು ಬಿಗಿ. ಒಂದೇ ಬದಿಗೆ ಕೂಲರ್ ಇರುವ ಟ್ರಾನ್ಸ್‌ಫಾರ್ಮರ್ ನೋಡಲು ನೆಟ್ಟಗೆ ವ್ಯಾಗನ್ ಮಧ್ಯದಲ್ಲೇ ಕೂತಿರುತ್ತದೆ, ಆದರೆ ಭಾರವೆಲ್ಲ ಕೂಲರ್ ಕಡೆಗೆ ಜಾಸ್ತಿ ಇರುತ್ತದೆ. ಡ್ರಾಯಿಂಗ್ ಇದ್ದರೆ ಸರಕನ್ನು ಎಷ್ಟು ಸೆಂಟಿಮೀಟರ್ ಪಕ್ಕಕ್ಕೆ ಇಡಬೇಕು ಅಂತ ಕ್ರೇನ್ ಬರುವ ಮೊದಲೇ ಹೇಳಬಹುದು, ಕ್ರೇನ್ ನಿಲ್ಲಿಸಿಕೊಂಡು ಲೆಕ್ಕ ಹಾಕುವ ಗೋಳು ಯಾರಿಗೂ ಬೇಡ.

ಎತ್ತರವನ್ನೂ ಬರೆದು ಕಳಿಸಿ. ಫ್ಲಾಟ್ ವ್ಯಾಗನ್ ಮೇಲ್ಮೈಯೇ ಹಳಿಯಿಂದ ಸುಮಾರು 1.2–1.3 ಮೀಟರ್ ಮೇಲಿರುತ್ತದೆ, ಸೇತುವೆ, ಸುರಂಗಕ್ಕೆ ತಾಗುವಂತಿದ್ದರೆ ನಡು ತಗ್ಗಿರುವ ವ್ಯಾಗನ್ ಹುಡುಕಬೇಕು. ಅದು ಸಿಗುವುದು ನಿಧಾನ.

ಹಳೆಯ ಯಂತ್ರ, ಡ್ರಾಯಿಂಗ್ ಇಲ್ಲ ಅಂದರೆ ಚಿಂತೆ ಬೇಡ. ಜಾಕ್ ಮತ್ತು ಲೋಡ್ ಸೆಲ್ ತಂದು ನಾಲ್ಕೂ ಮೂಲೆಯ ತೂಕ ನೋಡಿ ನಾವೇ ಲೆಕ್ಕ ಹಾಕುತ್ತೇವೆ, ಒಂದು ದಿನ ಬಿಡುವು ಕೊಡಿ. ವ್ಯಾಗನ್ ಉದ್ದಕ್ಕೂ ಸಮನಾಗಿ ಹರಡುವ ಪ್ಲೇಟ್, ಪೈಪ್‌ಗಳಿಗೆ ಇದು ಯಾವುದೂ ಬೇಕಿಲ್ಲ. ಈಗಾಗಲೇ ಬುಕ್ ಆದ ಸರಕು ಹಳೇ ರೀತಿಯಲ್ಲೇ ಹೋಗುತ್ತದೆ.