ಅಧ್ಯಕ್ಷೆಯ ಮಾತು ಅಧ್ಯಕ್ಷೆಯೇ ಆಡಲಿ

ಮಾನ್ಯರೇ,

ಗ್ರಾಮ ಪಂಚಾಯಿತಿ ಅಧ್ಯಕ್ಷೆಗೆ ಫೋನ್ ಮಾಡಿದರೆ ಇವತ್ತಿಗೂ ಎಷ್ಟೋ ಕಡೆ ಮಾತಾಡುವುದು ಅವರ ಗಂಡನೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕೊಟ್ಟಿತು. ನಮ್ಮ ರಾಜ್ಯ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಕುರ್ಚಿಯೇನೋ ಸಿಕ್ಕಿತು. ಆದರೆ ಚಿಕ್ಕಂದಿನಿಂದ ‘ಗಂಡಸರು ಮಾತಾಡುವಾಗ ನಿನಗೇನು ಅಲ್ಲಿ ಕೆಲಸ’ ಎಂದು ಕೇಳಿಸಿಕೊಂಡೇ ಬೆಳೆದ ಹೆಣ್ಣುಮಗಳು, ಮಾವ, ಭಾವ, ಮೈದುನ ಎಲ್ಲ ಕೂತಿರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದು ಒಂದೇ ದಿನಕ್ಕೆ ಬರುವಂಥದ್ದಲ್ಲ. ಹಾಗಂತ ಅವರಿಗೆ ಮಾತು ಬರುವುದಿಲ್ಲ ಎಂದಲ್ಲ. ಅದೇ ಹೆಂಗಸರು ಸ್ವಸಹಾಯ ಸಂಘದಲ್ಲಿ ಸಾಲ, ಬಡ್ಡಿ, ಕಂತು ಎಲ್ಲವನ್ನೂ ಪಟಪಟ ಮಾತಾಡಿ ಮುಗಿಸುತ್ತಾರೆ, ಅಲ್ವಾ? ಸಭೆಯಲ್ಲಿ ಜೋರಾಗಿ ಕೇಳಿದರೆ ಮಾತ್ರ ‘ಗಂಡುಬೀರಿ’ ಅನ್ನುತ್ತಾರೆ (ಗಂಡಸು ಕೇಳಿದರೆ ‘ಗಟ್ಟಿಗ’!).

ಮಹಿಳಾ ಗ್ರಾಮಸಭೆ ಸುಮ್ನೆ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗುವುದು ಬೇಡ. ಸಭೆಯಲ್ಲಿ ಸದಸ್ಯೆಯರ ಗಂಡಂದಿರಿಗೆ ಕುರ್ಚಿ ಹಾಕುವುದನ್ನು ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಮೊದಲು ನಿಲ್ಲಿಸಲಿ. ಕಚೇರಿಯ ಕರೆಗಳೂ ನೇರ ಅಧ್ಯಕ್ಷೆಯ ಮೊಬೈಲಿಗೇ ಹೋಗಲಿ.

– ಓದುಗರೊಬ್ಬರು