ಸಾಕುಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಹೆಣ್ಣು ಬೆಕ್ಕು ಸುಮಾರು 4 ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದ 9 ವಾರಗಳಲ್ಲಿ ಮರಿ ಹಾಕುತ್ತದೆ, ಆ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಲೂಬಹುದು. ಆದ್ದರಿಂದ ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ’ ಎಂದು ಕಾಯುವುದರಿಂದ ಬೆಕ್ಕಿಗೆ ಯಾವ ಪ್ರಯೋಜನವೂ ಇಲ್ಲ, ಮರಿಗಳಿಗೆ ಮನೆ ಹುಡುಕುವ ಕಷ್ಟ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಖರ್ಚಿಗೆ ಹಿಂಜರಿಯುವವರು ಪ್ರಾಣಿದಯಾ ಸಂಘಗಳಲ್ಲಿ ರಿಯಾಯಿತಿ ದರದ ಶಿಬಿರಗಳಿವೆಯೇ ಎಂದು ಮೊದಲು ವಿಚಾರಿಸಬೇಕಾಗಿ ಕೋರಿಕೆ. ದರ ಕೇಳುವಾಗಲೇ ಅರಿವಳಿಕೆ, ನೋವುನಿವಾರಕ ಮತ್ತು ಮರುತಪಾಸಣೆ ಅದರಲ್ಲಿ ಸೇರಿವೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಗಂಡು ಬೆಕ್ಕಿನ ಶಸ್ತ್ರಚಿಕಿತ್ಸೆ ಸರಳವಾದುದರಿಂದ ಸಾಮಾನ್ಯವಾಗಿ ಅಗ್ಗ (ಮರಿಗಳ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಗಂಡು ಬೆಕ್ಕು ಸಾಕಿದವರು ಸುಮ್ಮನಿರುವುದು ನ್ಯಾಯವಲ್ಲ). ಆದರೆ ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಗಂಡು ಬೆಕ್ಕಿನಿಂದ ಹೆಣ್ಣು ಬೆಕ್ಕು ಗಬ್ಬವಾಗುವ ಸಾಧ್ಯತೆ ಇರುವುದರಿಂದ ಅಷ್ಟು ದಿನ ಗಂಡು ಬೆಕ್ಕನ್ನು ಮನೆಯೊಳಗೇ ಇರಿಸಿಕೊಳ್ಳಿ.